ಸಂಕಲ್ಪದ ವ್ಯಾಕರಣ

ನಾಳಿನ ವಿಷಯವಾಗಿ ಮನುಷ್ಯನು ಆಡುವ ಮಾತುಗಳೆಲ್ಲ ಒಂದೇ ತೂಕದವಲ್ಲ. ಕೆಲವು ಬರಿಯ ಆಸೆ, ಕೆಲವು ಉದ್ದೇಶ, ಕೆಲವು ವಚನ. ಈ ಅಂತರವನ್ನು ವ್ಯಾಕರಣವೂ ಕಾಪಾಡಬಲ್ಲುದೆಂಬುದನ್ನು ನಾನು ಮನಗಂಡದ್ದು ಡಚ್ ಭಾಷೆಯ ಅಭ್ಯಾಸದಲ್ಲಿ.

ಡಚ್ಚಿನಲ್ಲಿ ಭವಿಷ್ಯತ್ಕಾಲಕ್ಕೆಂದೇ ಕ್ರಿಯಾಪದಕ್ಕೆ ಹತ್ತುವ ಪ್ರತ್ಯಯವಿಲ್ಲ. ಕಾರ್ಯವು ನಿಶ್ಚಿತವಾಗಿದ್ದರೆ ವರ್ತಮಾನ ರೂಪವೇ ಸಾಕು: ‘ಇಕ್ ಕೊಮ್ ಮೊರ್ಖೆನ್’, ನಾಳೆ ಬರುತ್ತೇನೆ. ನಮ್ಮ ‘ಬರುತ್ತೇನೆ’ಯೂ ಹೀಗೆ ಎರಡು ಕಾಲಗಳಿಗೆ ದುಡಿಯುವುದಷ್ಟೆ. ಆದರೆ ಮನಸ್ಸಿನ ನಿಲವನ್ನು ತಿಳಿಸಬೇಕಾದಾಗ ಬೇರೆ ಪದಗಳು ನೆರವಿಗೆ ಬರುತ್ತವೆ. ‘ವಿಲ್ಲೆನ್’ ಎಂಬುದು ಇಚ್ಛೆ. ‘ಖಾನ್’ ಎಂದರೆ ಹೋಗು. ‘ಇಕ್ ಖಾ ಲೇಜ಼ೆನ್’ ಎಂದವನು ಓದಲು ಹೊರಟವನು. ‘ಫಾನ್ ಪ್ಲಾನ್ ಜ಼ೈನ್’ ಎಂಬುದು ಉದ್ದೇಶ. ಕನ್ನಡದ ‘ಮಾಡಬೇಕೆಂದಿದ್ದೇನೆ’ ಎಂಬುದಕ್ಕೆ ಸಮ.

ತನಗೆ ತಾನೇ ಮಾಡಿಕೊಳ್ಳುವ ಸಂಕಲ್ಪಕ್ಕೆ ‘ಇಕ್ ನೇಮ್ ಮೆ ಫೋರ್’ ಎನ್ನುವರು. ‘ನೇಮ್’ ಎಂದರೆ ತೆಗೆದುಕೊಳ್ಳುತ್ತೇನೆ, ‘ಫೋರ್’ ಎಂದರೆ ಮುಂದೆ. ಕಾರ್ಯವನ್ನೆತ್ತಿ ತನ್ನೆದುರಿಗೆ ಇರಿಸಿಕೊಂಡಂತೆ. ಹೊಸವರ್ಷದಂದು ಆ ನಾಡಿನವರು ಇಂಥ ‘ಖೂಡೆ ಫೋರ್ನೇಮೆನ್ಸ್’, ಎಂದರೆ ಸತ್ಸಂಕಲ್ಪಗಳನ್ನು, ಕೈಕೊಳ್ಳುವುದುಂಟು. ನರಕದ ಹಾದಿಗೆ ಹಾಸಿರುವ ಕಲ್ಲುಗಳು ಇವೇ ಎಂಬ ಗಾದೆಯೂ ಅವರಲ್ಲಿದೆ.

ಇವೆಲ್ಲಕ್ಕಿಂತ ಭಾರವಾದದ್ದು ‘ಜ಼ಲ್’. ಇದರ ಧಾತುರೂಪ ‘ಜ಼ುಲ್ಲೆನ್’. ಇಂಗ್ಲಿಷಿನ ‘ಷಲ್’ ಇದರ ದಾಯಾದಿ. ಪ್ರಾಚೀನ ಜರ್ಮಾನಿಕ್ ಭಾಷೆಯಲ್ಲಿ ಇದರ ಮೂಲಾರ್ಥ ‘ಸಾಲಗಾರನಾಗಿರು’ ಎಂದು. ಸಾಲ, ತಪ್ಪು ಎಂಬ ಎರಡು ಅರ್ಥಗಳನ್ನೂ ಕೊಡುವ ‘ಸ್ಖುಲ್ತ್’ ಎಂಬ ಡಚ್ ಪದವೂ ಇದೇ ಮೂಲದ್ದು. ‘ನಾನು’ ಎಂಬುದರೊಡನೆ ‘ಜ಼ಲ್’ ಸೇರಿದಾಗ ವಾಕ್ಯವು ಬಹುಮಟ್ಟಿಗೆ ವಚನವಾಗುತ್ತದೆ. ಆದರೆ ‘ವೆಲ್’ ಎಂಬ ಕಿರುಪದವೊಂದು ನಡುವೆ ನುಸುಳಿತೆಂದರೆ ಆ ಭಾರವೆಲ್ಲ ಇಳಿದುಹೋಗುವುದುಂಟು: ‘ಹೈ ಜ಼ಲ್ ವೆಲ್ ಕೊಮೆನ್’ ಎಂದರೆ ‘ಅವನು ಬಂದಾನು’ ಎಂಬ ಊಹೆ ಮಾತ್ರ.

ಕಾಗದಗಳ ಮೂಲಕ ನನಗೆ ಈ ಭಾಷೆಯನ್ನು ಕಲಿಸಿದ ವೃದ್ಧರೊಬ್ಬರು ಲೈಡನ್ ನಗರದಲ್ಲಿದ್ದಾರೆ. ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಾಗ, ‘ಒಮ್ಮೆ ಬರುವಿರಾ?’ ಎಂದು ಬರೆದರು. ಉತ್ತರಕ್ಕೆ ಕುಳಿತಾಗ ಕಲಿತ ರೂಪಗಳೆಲ್ಲ ಸಾಲಾಗಿ ಎದುರು ನಿಂತವು. ಇಚ್ಛೆಯ ವಾಕ್ಯ ಸುಳ್ಳಾಗುತ್ತಿರಲಿಲ್ಲ. ಆದರೆ ಅದು ಬರಿಯ ಸೌಜನ್ಯವಾಗುತ್ತಿತ್ತು. ಉದ್ದೇಶದ ವಾಕ್ಯದಲ್ಲಿ ಹಿಂಜರಿಯಲು ಎಡೆಯಿತ್ತು. ‘ಜ಼ಲ್’ ಎಂದು ಬರೆದರೆ ಅವರು ದಿನಗಳನ್ನು ಎಣಿಸುವರು. ರಜೆ, ಹಣ, ಮನೆಯ ಹೊಣೆ ಎಲ್ಲವನ್ನೂ ಮೂರು ದಿನ ಲೆಕ್ಕ ಹಾಕಿ, ಕೊನೆಗೆ ‘ಇಕ್ ಜ಼ಲ್ ಕೊಮೆನ್’ ಎಂದು ಬರೆದೆ, ಹೋದೆ. ಅವರು ಆ ಕಾಗದವನ್ನು ದಿಂಬಿನ ಬಳಿಯಲ್ಲಿಯೇ ಇರಿಸಿಕೊಂಡಿದ್ದರು.

ಬೀಳ್ಕೊಳ್ಳುವಾಗ ‘ಹೋಗಿಬರುತ್ತೇನೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತು. ಕನ್ನಡದಲ್ಲಿ ಅದು ಮಂಗಳದ ಮಾತು. ಅದನ್ನು ಕೇಳಿ ಯಾರೂ ದಿನ ಎಣಿಸುವುದಿಲ್ಲ. ಅದನ್ನು ಡಚ್ಚಿಗೆ ತರಹೊರಟರೆ ಮತ್ತೆ ‘ಜ಼ಲ್’ ಎದುರಾಯಿತು. ಎರಡನೆಯ ಬಾರಿಗೆ ಆ ಸಾಲವನ್ನು ಹೊರುವ ಶಕ್ತಿ ನನ್ನಲ್ಲಿರಲಿಲ್ಲ. ‘ತೊಟ್ ಜ಼ೀನ್ಸ್’ ಎಂದೆ. ಕಾಣುವ ತನಕ ಎಂದು ಅದರ ಅರ್ಥ. ಅದರಲ್ಲಿ ಕ್ರಿಯಾಪದದ ಕಾಲವಿಲ್ಲ, ಕರ್ತೃವೂ ಇಲ್ಲ. ಅವರು ಮುಗುಳ್ನಕ್ಕರು. ವ್ಯಾಕರಣ ಕಲಿಸಿದವರಲ್ಲವೆ, ನಾನು ಆರಿಸಿದ ಮಾತಿನ ತೂಕ ಅವರಿಗೆ ತಿಳಿದಿತ್ತು.