ತಾತನ ತೂಕದ ಲೆಡ್ಜರ್

ಬ್ಯಾಂಕಿನಲ್ಲಿ 35 ವರ್ಷ ಗುಮಾಸ್ತನಾಗಿದ್ದೆ. ದಿನದ ಲೆಕ್ಕ ತಾಳೆಯಾಗದೆ ಮನೆಗೆ ಹೊರಟವನಲ್ಲ. ಆದರೆ ನನ್ನ ದೇಹದ ಲೆಕ್ಕವನ್ನೇ ನೋಡಿಕೊಳ್ಳಲಿಲ್ಲ. ಹೋದ ವರ್ಷ ಗೌರಿ ಹಬ್ಬಕ್ಕೆ ಒಂದು ವಾರ ಮುಂಚೆ ಆಸ್ಪತ್ರೆಯಿಂದ ಗಿರಿನಗರದ ಮನೆಗೆ ಬಂದವನು, ಹದಿನಾರನೆಯ ರಾತ್ರಿ ಮತ್ತೆ ಅಲ್ಲಿಗೇ ಹೋದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆರನೇ ತರಗತಿಯ ಮೊಮ್ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ನನ್ನ ಕಾಯಿಲೆ ಹಾರ್ಟ್ ಫೇಲ್ಯೂರ್. ಹೆದರಬೇಡಿ ಮಕ್ಕಳೇ, ಹೃದಯ ನಿಂತುಹೋಗಿದೆ ಎಂದರ್ಥವಲ್ಲ. ಸಂಪಿನ ಮೋಟಾರು ಹಳೆಯದಾದರೆ ನೀರನ್ನು ಮೇಲಿನ ಟ್ಯಾಂಕಿಗೆ ಸರಿಯಾಗಿ ತಳ್ಳಲಾರದು, ಅಲ್ಲವೇ? ಹಾಗೆಯೇ ಹೃದಯವೂ ರಕ್ತವನ್ನು ಸಾಕಷ್ಟು ತಳ್ಳದು. ಆಗ ಮೂತ್ರಪಿಂಡಗಳು ಉಪ್ಪು, ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತವೆ. ಆ ನೀರು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶದಲ್ಲೂ ತುಂಬುತ್ತದೆ. ಆಸ್ಪತ್ರೆಯಲ್ಲಿ ನೀರು ಇಳಿಸಿ ಮನೆಗೆ ಕಳಿಸುತ್ತಾರೆ. ಮೋಟಾರು ಮಾತ್ರ ಹಳೆಯದೇ. ಅಮೆರಿಕದ ಲೆಕ್ಕದಂತೆ, ಹೀಗೆ ಮನೆಗೆ ಹೋದ ಹಿರಿಯರಲ್ಲಿ ಸುಮಾರು ಐವರಿಗೆ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗುತ್ತಾರೆ.

ನಾನೇಕೆ ಮರಳಿದೆ? ಡಾಕ್ಟರು ಕೇಳುತ್ತಾ ಹೋದಂತೆ ನನ್ನ ತಪ್ಪುಗಳೆಲ್ಲ ಹೊರಬಿದ್ದವು. ಹಬ್ಬದ ಓಡಾಟದಲ್ಲಿ ಪದೇ ಪದೇ ಬಚ್ಚಲಿಗೆ ಹೋಗಬೇಕಲ್ಲ ಎಂದು, ಮೂತ್ರ ಹೋಗಿಸುವ ಮಾತ್ರೆಯನ್ನು ಬಿಟ್ಟಿದ್ದೆ. ಊಟಕ್ಕೆ ಮೇಲುಪ್ಪು ಹಾಕಿಕೊಳ್ಳಲಿಲ್ಲ, ನಿಜ. ಆದರೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯಲ್ಲಿ ಇರುವುದೇನು? ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಂಡಿ ನೋವಿಗೆ ಯಾರನ್ನೂ ಕೇಳದೆ ಡೈಕ್ಲೋಫೆನಾಕ್ ತಂದು ನುಂಗಿದ್ದೆ. ಅಂಥ ಗುಳಿಗೆಗಳೂ ಉಪ್ಪು, ನೀರನ್ನು ದೇಹದಲ್ಲೇ ಉಳಿಸುತ್ತವೆ. "ವಾರ ಬಿಟ್ಟು ಬನ್ನಿ" ಎಂದಿದ್ದರು, ಹೋಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. "ತಾತ, ನಿಮ್ಮ ಕಾಲಲ್ಲಿ ಚಪ್ಪಲಿ ಪಟ್ಟಿ ಗುರುತು ಬಿದ್ದಿದೆ, ಊದಿದೆ" ಎಂದು ಮೊಮ್ಮಗಳು ಮೊದಲೇ ಹೇಳಿದ್ದಳು. "ವಯಸ್ಸಾಯ್ತಲ್ಲ ಪುಟ್ಟಿ" ಎಂದು ಬಾಯಿ ಮುಚ್ಚಿಸಿದ್ದೆ.

ಈಗ ಅವಳೇ ನಮ್ಮ ಮನೆಯ ಲೆಡ್ಜರ್ ಗುಮಾಸ್ತೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ತಿಂಡಿಗೆ ಮೊದಲು ನಾನು ತೂಕದ ಯಂತ್ರದ ಮೇಲೆ ನಿಲ್ಲಬೇಕು. ಅವಳು ಓದಿ ಬರೆಯುತ್ತಾಳೆ. ಪಕ್ಕದಲ್ಲಿ ಮಾತ್ರೆಗಳಿಗೆ ಒಂದೊಂದು ಟಿಕ್. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ತೂಕ. ರಾತ್ರಿ ಬೆಳಗಾಗುವುದರಲ್ಲಿ ಒಂದು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ದಿನಕ್ಕೆ ಒಂದು ಕಿಲೋ ಅಥವಾ ವಾರಕ್ಕೆ ಎರಡು ಕಿಲೋ ಏರಿದರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಬೇಕು. ಉಸಿರು ಕಟ್ಟಿದರಂತೂ ನೇರ ಆಸ್ಪತ್ರೆಗೆ.

ಕಾರ್ತಿಕದಲ್ಲಿ ಒಂದು ಮದುವೆಯೂಟ ಉಂಡು ಬಂದೆ. ಮರುದಿನ 61.2 ಇದ್ದದ್ದು 62.4 ಆಗಿತ್ತು. ಅವಳು ಕೆಂಪು ಶಾಯಿಯಲ್ಲಿ ಬರೆದು, ಫೋನ್ ತಂದು ನನ್ನ ಕೈಗಿಟ್ಟಳು. ಡಾಕ್ಟರು ಮೂರು ದಿನ ಮಾತ್ರೆ ಹೆಚ್ಚಿಸಿದರು. ತೂಕ ಇಳಿಯಿತು, ಆಸ್ಪತ್ರೆಗೆ ಹೋಗುವುದು ತಪ್ಪಿತು.

ಜಯನಗರದ ಜಯದೇವ ಹೃದ್ರೋಗ ಸಂಸ್ಥೆ ನಮಗೇನೂ ದೂರವಿಲ್ಲ. ಆದರೆ ಆಸ್ಪತ್ರೆ ಹತ್ತಿರವಿದ್ದರಷ್ಟೇ ಸಾಲದು, ನೋಡುವ ಕಣ್ಣು ಮನೆಯಲ್ಲಿರಬೇಕು. ಮಕ್ಕಳೇ, ನಿಮ್ಮ ಅಜ್ಜಿ ತಾತನಿಗೆ ಈ ಕಾಯಿಲೆ ಇದ್ದರೆ ಇವತ್ತು ಸಂಜೆ ಅವರ ಕಾಲು ನೋಡಿ. ಊದಿದ್ದರೆ ಅಪ್ಪ ಅಮ್ಮನಿಗೆ ಹೇಳಿ. ತಾತಂದಿರೇ, ಅವರ ಬಾಯಿ ಮುಚ್ಚಿಸಬೇಡಿ.