ಹಲವು ಕಡತಗಳ ಆಯ್ದ ಭಾಗಗಳಿಂದ ಒಂದು ಯೋಜನಾ ಪುಸ್ತಿಕೆ: ಸಂಕಲನ ಕ್ರಮದ ವಿವರಣೆ

ಪಂಚಾಯತಿಗಳು ಹಾಗೂ ನಗರ ಸ್ಥಳೀಯ ಸಂಸ್ಥೆಗಳು ಸಿದ್ಧಪಡಿಸಿದ ಯೋಜನೆಗಳನ್ನು ಕ್ರೋಡೀಕರಿಸಿ ಇಡೀ ಜಿಲ್ಲೆಗೆ ಒಂದು ಕರಡು ಅಭಿವೃದ್ಧಿ ಯೋಜನೆಯನ್ನು ರೂಪಿಸುವುದು ಸಂವಿಧಾನದ 243ಜೆಡ್‌ಡಿ ಅನುಚ್ಛೇದದನ್ವಯ ಜಿಲ್ಲಾ ಯೋಜನಾ ಸಮಿತಿಯ ಕರ್ತವ್ಯವಾಗಿದೆ. ನೀರಿನ ಹಂಚಿಕೆಯಂತಹ ಸಮಾನ ಹಿತಾಸಕ್ತಿಯ ವಿಷಯಗಳನ್ನು ಗಮನದಲ್ಲಿರಿಸಬೇಕೆಂದೂ ಅದೇ ಅನುಚ್ಛೇದವು ತಿಳಿಸುತ್ತದೆ.

ರಾಯಚೂರು ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ದೇವದುರ್ಗ ತಾಲ್ಲೂಕು ಕೃಷ್ಣಾ ನದಿ ಹಾಗೂ ನಾರಾಯಣಪುರ ಬಲದಂಡೆ ಕಾಲುವೆಯನ್ನು ಅವಲಂಬಿಸಿದ್ದರೆ, ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆಯೇ ಆಧಾರ. ಅದೇ ಕಾಲುವೆ ಮುಂದೆ ರಾಯಚೂರು ತಾಲ್ಲೂಕಿಗೆ ಸಾಗುತ್ತದೆ. ಆದುದರಿಂದ ಮೂರೂ ತಾಲ್ಲೂಕುಗಳ ಕಡತಗಳಲ್ಲಿರುವ ಕುಡಿಯುವ ನೀರಿನ ಭಾಗಗಳು ಒಂದೆಡೆ, ಒಂದೇ ವಿನ್ಯಾಸದಲ್ಲಿ ಮುದ್ರಿತವಾದಾಗ ಮಾತ್ರ ಹೋಲಿಕೆ ಸಾಧ್ಯ.

1. ನಕಲು ವಿಧಾನದ ದೋಷ

ಬೇಕಾದ ಭಾಗವನ್ನು ನಕಲಿಸಿ ಅಂಟಿಸುವುದು ರೂಢಿಯಲ್ಲಿರುವ ಕ್ರಮ. ಮಾನ್ವಿಯ ಕಡತದಿಂದ ಸೋಮವಾರ ಒಂದು ಭಾಗವನ್ನು ನಕಲಿಸಲಾಗಿದೆ ಎಂದು ಭಾವಿಸೋಣ. ಬುಧವಾರ ತಾಲ್ಲೂಕಿನಲ್ಲಿ ಬಿಟ್ಟುಹೋಗಿದ್ದ ಒಂದು ಗ್ರಾಮದ ಕಾಮಗಾರಿಯನ್ನು ಸೇರಿಸಿದರೆ, ಜಿಲ್ಲಾ ಪ್ರತಿಯಲ್ಲಿ ಅದು ಇರುವುದಿಲ್ಲ. ಗ್ರಾಮಸಭೆಯು ಅನುಮೋದಿಸಿದ ಬೇಡಿಕೆಯೊಂದು ಯಾರ ನಿರ್ಣಯವೂ ಇಲ್ಲದೆ ಮುದ್ರಿತ ಯೋಜನೆಯಿಂದ ಕೈಬಿಟ್ಟಂತಾಗುತ್ತದೆ.

2. ಕೊಂಡಿ ವಿಧಾನ

ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿ ಈ ದೋಷವನ್ನು ನಿವಾರಿಸಬಹುದು.

ಅ) ತಾಲ್ಲೂಕು ಹಂತದಲ್ಲಿ ಸಂಬಂಧಿಸಿದ ಪಠ್ಯವನ್ನು ಆಯ್ದು, ಇನ್ಸರ್ಟ್ ಪಟ್ಟಿಯ ಸೆಕ್ಷನ್ ಮೂಲಕ ಅದಕ್ಕೆ ಹೆಸರು ನೀಡುವುದು. ಎಲ್ಲ ತಾಲ್ಲೂಕುಗಳೂ ‘ಕುಡಿಯುವ ನೀರು’ ಎಂಬ ಒಂದೇ ಹೆಸರನ್ನು ಬಳಸತಕ್ಕದ್ದು.

ಆ) ಜಿಲ್ಲಾ ಕಡತದಲ್ಲಿ ಅದೇ ಸೆಕ್ಷನ್ ಆಯ್ಕೆಯನ್ನು ತೆರೆದು, ಲಿಂಕ್ ಎಂಬುದನ್ನು ಗುರುತು ಮಾಡಿ, ತಾಲ್ಲೂಕು ಕಡತವನ್ನೂ ಅದರೊಳಗಿನ ಭಾಗದ ಹೆಸರನ್ನೂ ಸೂಚಿಸುವುದು. ಆ ಭಾಗ ಮಾತ್ರ ಬರುತ್ತದೆ. ಉಳಿದ ಪುಟಗಳು ಬರುವುದಿಲ್ಲ.

ಇ) ಮೂಲದಲ್ಲಿ ತಿದ್ದುಪಡಿಯಾದ ನಂತರ ಟೂಲ್ಸ್ ಪಟ್ಟಿಯ ಅಪ್‌ಡೇಟ್ ಮೂಲಕ ಕೊಂಡಿಗಳನ್ನು ನವೀಕರಿಸುವುದು.

ಜಿಲ್ಲಾ ಕಡತದಲ್ಲಿಯೇ ಮಾಡಿದ ತಿದ್ದುಪಡಿಯು ಮುಂದಿನ ನವೀಕರಣದಲ್ಲಿ ಅಳಿಸಿಹೋಗುವುದರಿಂದ, ತಿದ್ದುಪಡಿಯನ್ನು ಸಂಬಂಧಿಸಿದ ತಾಲ್ಲೂಕಿನ ಮೂಲ ಕಡತದಲ್ಲಿಯೇ ಮಾಡತಕ್ಕದ್ದು. ಎಲ್ಲ ಕಡತಗಳನ್ನು ಒಂದೇ ಫೋಲ್ಡರ್‌ನಲ್ಲಿ ಇರಿಸಬೇಕು. ಹೆಸರು ಬದಲಾದರೆ ಕೊಂಡಿ ತಪ್ಪುತ್ತದೆ. ಮೈಕ್ರೋಸಾಫ್ಟ್ ವರ್ಡ್ ಬಳಸುವವರು ಬುಕ್‌ಮಾರ್ಕ್ ಹಾಗೂ ಇನ್‌ಕ್ಲೂಡ್‌ಟೆಕ್ಸ್ಟ್ ಫೀಲ್ಡ್ ಮೂಲಕ ಇದೇ ಕಾರ್ಯವನ್ನು ನಿರ್ವಹಿಸಬಹುದು.

3. ಅಕ್ಷರ ಸಂಕೇತ

ಹಳೆಯ ಕಡತಗಳು ಯೂನಿಕೋಡ್ ಪೂರ್ವದ ನುಡಿ ಅಕ್ಷರಗಳಲ್ಲಿರಬಹುದು. ಅವು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಗಣಕಯಂತ್ರದ ಪಾಲಿಗೆ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳೇ ಆಗಿವೆ. ಪುಸ್ತಿಕೆಗೆ ಏಕರೂಪದ ಯೂನಿಕೋಡ್ ಅಕ್ಷರವನ್ನು ಅನ್ವಯಿಸಿದ ಕೂಡಲೇ ಅವು ಓದಲಾಗದಂತಾಗುತ್ತವೆ. ಕೊಂಡಿ ಜೋಡಿಸುವ ಮೊದಲೇ ಮೂಲ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಮತ್ತು ಗ್ರಾಮಗಳ ಹೆಸರುಗಳನ್ನು ಕಣ್ಣಾರೆ ಪರಿಶೀಲಿಸಬೇಕು. ಶೀರ್ಷಿಕೆಗಳಿಗೆ ಕೈಯಿಂದ ದಪ್ಪ ಅಕ್ಷರ ನೀಡದೆ ಹೆಡಿಂಗ್ ಶೈಲಿಯನ್ನೇ ಬಳಸಿದಲ್ಲಿ ವಿಷಯಸೂಚಿ ತಾನಾಗಿಯೇ ಸಿದ್ಧವಾಗುತ್ತದೆ.

4. ಮುದ್ರಣಕ್ಕೆ ಮುನ್ನ

ಕೊಂಡಿಗಳನ್ನು ನವೀಕರಿಸಿ, ಪಿಡಿಎಫ್ ಪ್ರತಿ ತೆಗೆದು, ಪ್ರತಿ ತಾಲ್ಲೂಕಿನ ಕಾಮಗಾರಿಗಳ ಸಂಖ್ಯೆ ಮತ್ತು ಮೊತ್ತವನ್ನು ಮೂಲದೊಂದಿಗೆ ತಾಳೆ ನೋಡತಕ್ಕದ್ದು. ತಂತ್ರಾಂಶವು ಪಠ್ಯವನ್ನು ತರುತ್ತದೆಯೇ ಹೊರತು ಮೂಲದಲ್ಲಿ ಬಿಟ್ಟುಹೋದುದನ್ನು ತುಂಬುವುದಿಲ್ಲ. ಪ್ರತಿ ಭಾಗದ ಕೊನೆಯಲ್ಲಿ ಮೂಲ ಕಡತದ ಹೆಸರು ಹಾಗೂ ದಿನಾಂಕವನ್ನು ನಮೂದಿಸಿದಲ್ಲಿ, ತಮ್ಮೂರಿನ ಕಾಮಗಾರಿ ಎಲ್ಲಿದೆ ಎಂದು ಗ್ರಾಮಸಭೆಯಲ್ಲಿ ಕೇಳುವವರಿಗೆ ಪುಟ ತೆರೆದು ತೋರಿಸಲು ಅನುಕೂಲವಾಗುತ್ತದೆ.