ಕಿಲೋ ಸಕ್ಕರೆಗೆ ಎಷ್ಟು ಬೆಲೆ?

ಸಂಕ್ರಾಂತಿ ಸಮೀಪಿಸಿತೆಂದರೆ ಮನೆಮನೆಯಲ್ಲಿಯೂ ಸಕ್ಕರೆ ಅಚ್ಚಿನ ಸಂಭ್ರಮ. ಮರದ ಅಚ್ಚುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಪಾಕ ಹದಕ್ಕೆ ಬಂದಿತೋ ಇಲ್ಲವೋ ಎಂದು ಅಜ್ಜಿ ಬಂದು ನೋಡುತ್ತಾರೆ. ಸಕ್ಕರೆಗೆ ಎಷ್ಟು ಬಿತ್ತೆಂದು ಮಾತ್ರ ಯಾರೂ ಕೇಳುವುದಿಲ್ಲ. ಈರುಳ್ಳಿಯ ಬೆಲೆ ಏರಿದಾಗ ಆಗುವ ಕೋಲಾಹಲ ಸಕ್ಕರೆಗಾಗಿ ಆಗುವುದು ಅಪರೂಪ.

ಅದೇ ಜನವರಿಯ ಚಳಿಯಲ್ಲಿ, ಹೊತ್ತು ಮೂಡುವ ಮೊದಲೇ, ಸಾಂಗ್ಲಿ, ಕೊಲ್ಹಾಪುರ, ನಮ್ಮ ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಹೊಲಗಳಲ್ಲಿ ಕತ್ತಿಯ ಸದ್ದು ಕೇಳತೊಡಗುತ್ತದೆ. ಕಡಿಯುವವರಲ್ಲಿ ಬಹುಮಂದಿ ಮಹಾರಾಷ್ಟ್ರದ ಬರಪೀಡಿತ ಬೀಡ್ ಜಿಲ್ಲೆಯವರು. ಊರಿನಲ್ಲಿ ಮಳೆಯಿಲ್ಲ, ಕೆಲಸವಿಲ್ಲ. ಮುಕಾದಮನಿಂದ ಮುಂಗಡ ಪಡೆದು, ಮಕ್ಕಳುಮರಿ, ಪಾತ್ರೆಪಡಗಗಳೊಡನೆ ಹೊರಟುಬಿಡುತ್ತಾರೆ; ಐದಾರು ತಿಂಗಳು ಹೊಲದಂಚಿನ ಗುಡಿಸಲೇ ಮನೆ.

ಗಂಡ ಹೆಂಡಿರನ್ನು ಇಲ್ಲಿ ಇಬ್ಬರೆಂದು ಎಣಿಸುವುದಿಲ್ಲ. ಇಬ್ಬರೂ ಸೇರಿ ಒಂದು ‘ಕೊಯ್ತಾ’, ಎಂದರೆ ಒಂದು ಕತ್ತಿ. ಅವನು ಕಡಿದರೆ ಅವಳು ಸೋಗೆ ಸವರಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ತುಂಬಬೇಕು. ಒಬ್ಬಂಟಿಗನಿಗೆ ಮುಂಗಡ ಹುಟ್ಟುವುದು ಕಷ್ಟ. ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಮದುವೆ ಎಳೆಯ ವಯಸ್ಸಿನಲ್ಲಿಯೇ ನಡೆದುಹೋಗುವುದಕ್ಕೆ ಇದೂ ಒಂದು ಕಾರಣ. ಕೂಲಿ ಟನ್ನಿನ ಲೆಕ್ಕದಲ್ಲಿ. 2024ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಆದ ಒಪ್ಪಂದದಂತೆ ಅದು ನೂರಕ್ಕೆ 34ರಷ್ಟು ಏರಿ 366 ರೂಪಾಯಿ ಆಯಿತು. ಟನ್ ಕಬ್ಬಿನಿಂದ ಹೆಚ್ಚುಕಡಿಮೆ 100 ಕಿಲೋ ಸಕ್ಕರೆ ಬರುತ್ತದೆ. ಹಾಗಾದರೆ ಕಿಲೋ ಸಕ್ಕರೆಯಲ್ಲಿ ಈ ದಂಪತಿಗಳ ಪಾಲು, ಇಬ್ಬರಿಗೂ ಸೇರಿ, 3 ರೂಪಾಯಿ 66 ಪೈಸೆ! ಅದೂ ಏರಿಕೆಯಾದ ಮೇಲಿನ ಮಾತು.

ಒಂದು ದಿನ ಕೆಲಸ ತಪ್ಪಿದರೆ ಕೂಲಿ ಹೋಗುವುದಷ್ಟೇ ಅಲ್ಲ, 500 ರೂಪಾಯಿಯವರೆಗೆ ದಂಡ ಬೀಳುತ್ತದೆಂದು ಕೂಲಿಕಾರರು ಹೇಳುತ್ತಾರೆ. ಹೆಂಗಸರಿಗೆ ತಿಂಗಳ ದಿನಗಳಲ್ಲಿಯೂ ಬಿಡುವಿಲ್ಲ. ಹೊಲದಲ್ಲಿ ಶೌಚಾಲಯವಿಲ್ಲ, ಸ್ನಾನಕ್ಕೆ ಮರೆಯಿಲ್ಲ, ಶುದ್ಧ ನೀರಿಲ್ಲ. ಸೋಂಕು ತಗಲಿ ಹೊಟ್ಟೆನೋವೆಂದು ಖಾಸಗಿ ವೈದ್ಯರ ಬಳಿ ಹೋದರೆ, ಕ್ಯಾನ್ಸರ್ ಆದೀತೆಂಬ ಹೆದರಿಕೆ ಹುಟ್ಟಿಸಿ ಗರ್ಭಕೋಶವನ್ನೇ ತೆಗೆಸಿಕೊಳ್ಳುವಂತೆ ಹೇಳಿದ ಪ್ರಸಂಗಗಳು ಎಷ್ಟೋ. ಮುಟ್ಟಿನ ತೊಂದರೆಯೂ ಇರದು, ದಂಡವೂ ಬೀಳದು ಎಂದು ಅವರು ಒಪ್ಪಿಕೊಳ್ಳುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಮತ್ತೆ ಸಾಲ. ಸಾಲ ತೀರಿಸಲು ಮತ್ತೆ ಅದೇ ಕತ್ತಿ.

ಈ ಸಂಗತಿ 2019ರಲ್ಲಿ ಬಯಲಾದಾಗ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್‍ಹೆ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಬೀಡ್ ಜಿಲ್ಲೆಯ ಸುಮಾರು 82 ಸಾವಿರ ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಲಾಗಿ, 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿರಲಿಲ್ಲ. ಆರು ಮಂದಿಯಲ್ಲಿ ಒಬ್ಬಳು! ದೇಶದಲ್ಲಿ ಈ ಪ್ರಮಾಣ, 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ, ನೂರಕ್ಕೆ ಮೂರರ ಆಸುಪಾಸು. ಇವರಲ್ಲಿ ನಲವತ್ತು ದಾಟದವರೇ ಬಹಳ. ಇಪ್ಪತ್ತರ ಹರೆಯದವರೂ ಇದ್ದರು. ಬೆನ್ನುನೋವು, ಕೀಲುನೋವು, ಸುಸ್ತು ಅಂಟಿಕೊಂಡ ಬಳಿಕವೂ ತಲೆಯ ಮೇಲಿನ ಕಟ್ಟು ಹಗುರವಾಗಲಿಲ್ಲ.

ಹೊಣೆ ಯಾರದು? ಕಾರ್ಖಾನೆಯವರನ್ನು ಕೇಳಿದರೆ, ಕೂಲಿಕಾರರು ಮುಕಾದಮನ ಜನ. ಮುಕಾದಮನನ್ನು ಕೇಳಿದರೆ, ತಾನು ಬರಿಯ ಮಧ್ಯಸ್ಥ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಆ ಹೆಂಗಸಿನ ಹೆಸರೇ ಇಲ್ಲ.

ನೀರಿನ ಲೆಕ್ಕವೂ ಚೀಟಿಯಲ್ಲಿ ಕಾಣುವುದಿಲ್ಲ. ಮಹಾರಾಷ್ಟ್ರದಲ್ಲಿ ಕಿಲೋ ಸಕ್ಕರೆಗೆ ಸುಮಾರು 2,000 ಲೀಟರ್ ನೀರು ವ್ಯಯವಾಗುತ್ತದೆ. ಬೆಳೆಯ ನೆಲದಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಕಬ್ಬು ನೀರಾವರಿಯ ನೀರಿನಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಕುಡಿಯುತ್ತದೆಂಬ ಅಂದಾಜಿದೆ. 2016ರ ಏಪ್ರಿಲ್‌ನಲ್ಲಿ ಬೀಡಿನ ನೆರೆಯ ಲಾತೂರಿಗೆ ಕುಡಿಯುವ ನೀರು ದೂರದ ಮಿರಜದಿಂದ ರೈಲಿನಲ್ಲಿ ಬಂದಿತು. ಕಬ್ಬು ಬೆಳೆದ ನೆಲಕ್ಕೇ ಈ ಗತಿ. ತನ್ನೂರಿನ ಬಾವಿ ಬತ್ತಿದ್ದರಿಂದ ಗುಳೆ ಹೊರಟವಳು, ನೀರನ್ನೆಲ್ಲ ಹೀರಿದ ಬೆಳೆಯನ್ನೇ ಕಡಿಯಲು ಹೋಗಬೇಕಾಗಿದೆ.

2019ರ ಬಳಿಕ, ಬೀಡಿನ ಖಾಸಗಿ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಜಿಲ್ಲಾ ಶಸ್ತ್ರಚಿಕಿತ್ಸಕರ ಪೂರ್ವಾನುಮತಿ ಬೇಕೆಂಬ ಕಟ್ಟುಪಾಡು ಬಂದಿತು. ದಂಡದ ಪದ್ಧತಿಯ ಬುಡಕ್ಕೆ ಮಾತ್ರ ಅದು ಕೈಹಾಕಲಿಲ್ಲ. ದಸರೆ ಕಳೆಯುತ್ತಲೇ ಗಾಡಿಗಳು ಮತ್ತೆ ಹೊರಡುತ್ತವೆ. ಮುಂಗಡದ ಹಣ ಮಳೆಗಾಲದಲ್ಲಿಯೇ ಖರ್ಚಾಗಿರುತ್ತದೆ.